ಮಳೆಗಾಲ ಬಂತು, ಮನೇಲಿ ಆಟಿಸಂ ಇರೋ ಮಗು ಇದ್ರೆ ಇಷ್ಟು ರೆಡಿ ಮಾಡ್ಕೊಳ್ಳಿ

ಆರಿದ್ರಾ ಮಳೆ ಹಿಡೀತು ಅಂದ್ರೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯೋರಿಗೆ ಹೇಳೋದೇ ಬೇಡ, ವಾರಗಟ್ಲೆ ಬಿಸಿಲಿಲ್ಲ, ಕರೆಂಟಿಲ್ಲ, ಸ್ಕೂಲು ಇದೆಯೋ ಇಲ್ವೋ ಬೆಳಿಗ್ಗೆ ತನಕ ಗೊತ್ತಿಲ್ಲ. ನಾವು ಹೇಗೋ ಹೊಂದ್ಕೊಂಡು ಹೋಗ್ತೀವಿ, ಆದ್ರೆ ದಿನಾ ಒಂದೇ ಥರ ನಡೆದ್ರೆ ಮಾತ್ರ ನೆಮ್ಮದಿ ಅನ್ನೋ ಎಷ್ಟೋ ಆಟಿಸಂ ಮಕ್ಕಳಿಗೆ ವರ್ಷದಲ್ಲಿ ಇದೇ ಕಷ್ಟದ ಕಾಲ. ಮನೆಗೆ ಬಂದ ನೆಂಟ್ರು "ಎಂಥ ಹಠ ಮಾರಾಯ್ತಿ ನಿಮ್ಮ ಹುಡುಗಂದು, ಎರಡು ಬಿಟ್ರೆ ಸರಿಯಾಗ್ತಾನೆ" ಅನ್ನೋದೂ ಈಗಲೇ.

ಹಠ ಅಲ್ಲ ಅದು. ಹಠ ಮಾಡೋ ಮಗು ನಿಮ್ಮ ಮುಖ ನೋಡ್ಕೊಂಡು ಅಳುತ್ತೆ, ಕೇಳಿದ್ದು ಕೊಟ್ರೆ ಸಾಮಾನ್ಯವಾಗಿ ನಿಲ್ಸುತ್ತೆ. ಇದು ಮೆಲ್ಟ್‌ಡೌನ್, ಅಂದ್ರೆ ಮಗು ತಡ್ಕೊಳ್ಳೋಕಾಗದೆ ಕೈಮೀರಿ ಹೋಗೋದು, ಆಗ ಏನು ಕೊಟ್ರೂ ನಿಲ್ಲಲ್ಲ, ಯಾಕಂದ್ರೆ ಮಗು ಏನೂ ಬೇಕು ಅಂತ ಕೇಳ್ತಿಲ್ಲ. ಸದ್ದು, ವಾಸನೆ, ಮೈಗೆ ತಾಗೋದು ಇವೆಲ್ಲ ಕೆಲವರಿಗೆ ವಿಪರೀತ ಜಾಸ್ತಿ ಅನ್ಸುತ್ತೆ, ಕೆಲವರಿಗೆ ಸಾಲೋದೇ ಇಲ್ಲ. ಡಾಕ್ಟರ್‌ಗಳು ಬಳಸೋ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂದಾಗ ಇದನ್ನೂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸ್ತು. ಹಂಗಾಗಿ ಮಗುನ ತಿದ್ದೋದು ಬಿಟ್ಟು ಮನೇನ ಸ್ವಲ್ಪ ಬದಲಾಯಿಸಿ, ನಾನು ಹೇಳೋದು ಇಷ್ಟೇ.

ಮೊದಲು ಸದ್ದು. ತಗಡಿನ ಶೀಟ್ ಮೇಲೆ ಮಳೆ ಬೀಳೋ ಸದ್ದಲ್ಲಿ ನಮಗೇ ಪಕ್ಕದಲ್ಲಿದ್ದೋರ ಮಾತು ಕೇಳಲ್ಲ. ಹೆಂಚಿನ ಮನೇಲಿ ಅಟ್ಟ ಇರೋ ಕೋಣೆ ಸಾಮಾನ್ಯವಾಗಿ ಶಾಂತವಾಗಿರುತ್ತೆ, ಅದನ್ನೇ ಮಗುವಿನ ಜಾಗ ಮಾಡಿ, ಕಂಬಳಿ, ಇಷ್ಟದ ಸಾಮಾನು ಅಲ್ಲೇ ಇಡಿ, ಬೇಡ ಅನ್ನಿಸಿದಾಗ ಅಲ್ಲಿಗೆ ಹೋಗೋಕೆ ಯಾರ ಪರ್ಮಿಷನ್ನೂ ಬೇಕಾಗ್ಬಾರ್ದು. ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ಒಳ್ಳೇದು, ಆದ್ರೆ ಇಡೀ ದಿನ ಹಾಕಿಡಬೇಡಿ, ಸದ್ದು ಜೋರಾದಾಗ ಮಾತ್ರ. ಫ್ಯಾನ್ ಸದ್ದಿಲ್ಲದೆ ನಿದ್ದೆ ಬಾರದ ಮಕ್ಕಳಿರ್ತಾರೆ, ಅವರಿಗೆ ಒಂದು ಚಾರ್ಜಿಂಗ್ ಫ್ಯಾನ್. ಇನ್ನು ಕೆಲವು ಮಕ್ಕಳಿಗೆ ಮಳೆ ಅಂದ್ರೆ ಪ್ರಾಣ, ಸೂರಿನ ನೀರಿಗೆ ಕೈ ಒಡ್ಡಿ ಗಂಟೆಗಟ್ಲೆ ನಿಲ್ತಾರೆ, ನಿಲ್ಲಲಿ ಬಿಡಿ, ನೀವು ಜಗಲೀಲಿ ಕೂತಿರಿ ಅಷ್ಟೇ.

ಬಟ್ಟೆ ವಿಷಯ ತುಂಬ ಜನಕ್ಕೆ ಹೊಳೆಯಲ್ಲ. ಬಚ್ಚಲೊಲೆ ಮೇಲೆ ಒಣಗಿಸಿದ ಯೂನಿಫಾರ್ಮಿಗೆ ಹೊಗೆ ವಾಸನೆ, ಒಳಗೆ ಒಣಗಿಸಿದ್ರೆ ಮುಗ್ಗಲು ವಾಸನೆ, ಬೆಳಿಗ್ಗೆ ಮಗು ಶರ್ಟ್ ಕಿತ್ತೆಸೆದ್ರೆ ಕಾರಣ ಅದೇ ಇರಬಹುದು, ಒಮ್ಮೆ ಮೂಸಿ ನೋಡಿ. ರೈನ್‌ಕೋಟ್ ಮೈಗೆ ಅಂಟೋದು ಆಗಲ್ಲ ಅಂದ್ರೆ ಒಳಗೆ ತುಂಬು ತೋಳಿನ ಕಾಟನ್ ಅಂಗಿ ಹಾಕಿ, ಲೇಬಲ್ ಕತ್ತರಿಸಿಬಿಡಿ. ಮಳೆ ಇಲ್ಲದ ದಿನ ಮನೆ ಒಳಗೇ ಐದೈದು ನಿಮಿಷ ಹಾಕಿಸಿ ಅಭ್ಯಾಸ ಮಾಡ್ಸಿ. ಒದ್ದೆ ಶೂ ಬದಲು ಚಪ್ಪಲಿಗೆ ಟೀಚರ್ ಹತ್ರ ಮೊದಲೇ ಕೇಳಿಟ್ಕೊಳ್ಳಿ.

ಆಮೇಲೆ ರಜೆ. ಡಿಸಿ ರಜೆ ಅಂತ ಮೆಸೇಜ್ ಬರೋ ಹೊತ್ತಿಗೆ ಮಗು ಬ್ಯಾಗ್ ಹಾಕ್ಕೊಂಡು ನಿಂತಿರುತ್ತೆ. ಇದಕ್ಕೆ ಚಿತ್ರದ ಕಾರ್ಡ್ ಮಾಡಿ: ಸ್ಕೂಲು, ಬಸ್ಸು, ಊಟ, ಸ್ನಾನ, ಜೊತೆಗೆ ಮಳೆ ರಜೆ ಅಂತ ಒಂದು. ತೇವಕ್ಕೆ ಹಾಳಾಗ್ತವೆ, ಲ್ಯಾಮಿನೇಷನ್ ಮಾಡಿಸಿ. ರಾತ್ರಿನೇ ಎರಡು ಸಾಲು ಜೋಡಿಸಿ ತೋರಿಸಿ, ಸ್ಕೂಲಿದ್ರೆ ಹೀಗೆ, ರಜೆ ಆದ್ರೆ ಹೀಗೆ. ಬೆಳಿಗ್ಗೆ ಸ್ಕೂಲ್ ಕಾರ್ಡನ್ನ ಮಗುವಿನ ಕೈಯಲ್ಲೇ ತೆಗೆಸಿ. ಮಾತಾಡೋ ಮಗುವಿಗೂ ಇದು ಬೇಕು, ಗಾಬರಿಯಾದಾಗ ಕಿವಿಗೆ ಬಿದ್ದದ್ದಕ್ಕಿಂತ ಕಣ್ಣಿಗೆ ಕಂಡಿದ್ದು ಎಷ್ಟೋ ಮಕ್ಕಳಿಗೆ ಬೇಗ ಅರ್ಥ ಆಗುತ್ತೆ.

ಇನ್ನು ನೀರು, ಇದನ್ನ ದಯವಿಟ್ಟು ಪೂರ್ತಿ ಓದಿ. ಆಟಿಸಂ ಇರೋ ಎಷ್ಟೋ ಮಕ್ಕಳು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡ್ತಾರೆ, ಅವರಲ್ಲಿ ಹಲವರಿಗೆ ನೀರಿನ ಸೆಳೆತ ಜಾಸ್ತಿ, ಹೀಗೆ ಹೋದ ಮಕ್ಕಳಿಗೆ ಇರೋ ದೊಡ್ಡ ಅಪಾಯ ಮುಳುಗೋದು. ನಮ್ಮ ಕಡೆ ಅಂಗಳ ದಾಟಿದ್ರೆ ಹಳ್ಳ, ಕಾಲುಸಂಕ, ತೋಟದ ಕಪ್ಪು (ನೀರು ಹರಿಯೋ ಕಾಲುವೆ), ತೆರೆದ ಬಾವಿ. ಕೃಷಿ ಹೊಂಡ ಎಲ್ಲಕ್ಕಿಂತ ಕೆಟ್ಟದ್ದು, ಪ್ಲಾಸ್ಟಿಕ್ ಹಾಸಿರೋದ್ರಿಂದ ಜಾರಿದ್ರೆ ದೊಡ್ಡೋರಿಗೂ ಮೇಲೆ ಹತ್ತೋಕಾಗಲ್ಲ. ಅದರ ಸುತ್ತ ಬೇಲಿ ಹಾಕಿ, ಒಂದು ಹಗ್ಗ ಕಟ್ಟಿ ಒಳಗೆ ಇಳಿಬಿಡಿ. ಬಾಗಿಲಿಗೆ ಗಂಟೆ ಕಟ್ಟಿ, ಚಿಲಕ ಮಗುವಿಗೆ ಎಟುಕದಷ್ಟು ಮೇಲಿರಲಿ. ಅಂಗಿ ಒಳಗೆ ಫೋನ್ ನಂಬರ್ ಹೊಲಿಸಿ. ಅಕ್ಕಪಕ್ಕದೋರಿಗೆ, ತೋಟಕ್ಕೆ ಬರೋ ಆಳುಗಳಿಗೆ, ಹಾಲಿನ ಡೈರಿಯೋರಿಗೆ ಮಗುವಿನ ಫೋಟೋ ತೋರಿಸಿ ಹೇಳಿಟ್ಟಿರಿ, ನಾಚಿಕೆ ಪಡೋ ವಿಷಯ ಅಲ್ಲ ಇದು. ಮಗು ಕಾಣ್ತಿಲ್ಲ ಅಂದ್ರೆ ಮೊದಲು ನೀರಿರೋ ಜಾಗಕ್ಕೆ ಓಡಿ, ರಸ್ತೆ ಕಡೆ ಬೇರೆಯೋರು ಹೋಗ್ಲಿ, ಅದೇ ಹೊತ್ತಿಗೆ ಒಬ್ಬರು 112ಕ್ಕೆ ಫೋನ್ ಮಾಡ್ಲಿ. ಹೆಸರು ಕೂಗಿದ್ರೆ ಎಷ್ಟೋ ಮಕ್ಕಳು ಓಗೊಡಲ್ಲ, ಅವರಿಗಿಷ್ಟದ ಹಾಡನ್ನ ಫೋನಲ್ಲಿ ಜೋರಾಗಿ ಹಾಕ್ಕೊಂಡು ಹುಡುಕಿ.

ಮೆಲ್ಟ್‌ಡೌನ್ ಶುರುವಾದ್ರೆ ಮಾತು ನಿಲ್ಲಿಸಿ, ಲೈಟ್ ಕಮ್ಮಿ ಮಾಡಿ, ಜನನ ಹೊರಗೆ ಕಳಿಸಿ, ಪೆಟ್ಟಾಗೋ ವಸ್ತು ದೂರ ಸರಿಸಿ, ಮಗುಗೆ ಬೇಕಾದ್ರೆ ಮಾತ್ರ ಮುಟ್ಟಿ. ಅಜ್ಜಿ ಅಜ್ಜಂಗೆ ಮೊದಲೇ ಕೂರಿಸ್ಕೊಂಡು ಹೇಳಿ, "ಅತ್ತೆ, ಅವನು ಮುಖ ನೋಡದಿದ್ರೂ ನೀವು ಹೇಳಿದ್ದು ಕೇಳಿಸ್ಕೊಂಡಿರ್ತಾನೆ, ನೋಡು ನೋಡು ಅಂತ ಗಲ್ಲ ಹಿಡೀಬೇಡಿ" ಅಂತ. ಆಟಿಸಂ ಇರೋರು ಬೇರೆಯೋರನ್ನ ಅರ್ಥ ಮಾಡ್ಕೊಳ್ಳಲ್ಲ ಅಂತೀವಲ್ಲ, ನಾವೂ ಅವರನ್ನ ಅಷ್ಟೇ ಅರ್ಥ ಮಾಡ್ಕೊಂಡಿರಲ್ಲ, ತೊಡಕು ಎರಡೂ ಕಡೆ ಇದೆ ಅಂತ 2012ರಲ್ಲಿ ಬರೆದ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರೋ ಸಂಶೋಧಕರು. ನಂಗೆ ಈ ಮಾತು ತುಂಬ ನಿಜ ಅನ್ಸುತ್ತೆ.

ಪೇಪರ್ ಕೆಲಸ ಮಳೆ ಜೋರಾಗೋಕೆ ಮುಂಚೆ ಮುಗಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಅಂಗವೈಕಲ್ಯ ಸರ್ಟಿಫಿಕೇಟ್ ಮತ್ತೆ ಯುಡಿಐಡಿ ಅನ್ನೋ ಗುರುತಿನ ಕಾರ್ಡ್ ಸಿಗುತ್ತೆ. ಅದಿದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಒಂದು ಮಿತಿಯೊಳಗೆ ಥೆರಪಿ ಖರ್ಚೂ ಸೇರುತ್ತೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ತೋರಿಸೋರಿಗೆ ಸಾಗರ, ಶಿವಮೊಗ್ಗ ಮೇಲೆ ಹೋಗೋ ತಾಳಗುಪ್ಪ–ಮೈಸೂರು ಟ್ರೈನಿದೆ. ಇಯರ್‌ಮಫ್, ಕಾರ್ಡು, ಮನೆ ತಿಂಡಿ ತಗೊಂಡೇ ಹತ್ತಿ. ರಾತ್ರಿ ನಿದ್ದೆಗೆಟ್ಟು ನಿಮಗೇ ತಡಿಯೋಕಾಗ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.