ಮನಕಾಮನಾಗೆ ಮಧ್ಯಾಹ್ನ ಹೋಗಬೇಡಿ: ನೇಪಾಳದ ಮೂವರು ದೇವಿಯರು, ಪ್ಯಾಕೇಜ್ ಇಲ್ಲದೆ

11 ಜನ, ಅದರಲ್ಲಿ 7 ಮಂದಿ ಅರವತ್ತು ದಾಟಿದವರು. ಸೊನೌಲಿ ಗಡಿಯಿಂದ ರಸ್ತೆಯಲ್ಲೇ ಒಳಹೊಕ್ಕು ಮನಕಾಮನಾ, ಗುಹ್ಯೇಶ್ವರಿ, ದಕ್ಷಿಣಕಾಳಿ ಮೂರೂ ಮುಗಿಸಿ ಮತ್ತೆ ಗೋರಖಪುರ. ಬೆಂಗಳೂರಿನ ರೈಲು ಸೇರಿ ತಲೆಗೆ 21 ಸಾವಿರವೋ 22 ಸಾವಿರವೋ ಆಯಿತು. ಪ್ಯಾಕೇಜಿನವರು ಕೇಳಿದ್ದು 40ರ ಹತ್ತಿರ. ‘ಮಂಡಿನೋವಿನವರನ್ನ ಕಟ್ಟಿಕೊಂಡು ಆ ರಸ್ತೇಲಾ? ಆಗದ ಮಾತು’ ಅಂದವರೇ ಈಗ ಪಟ್ಟಿ ಕಳಿಸಿ ಅಂತಿದ್ದಾರೆ.

ಪಟ್ಟಿಯಲ್ಲಿರೋದು ದಾರಿಯಲ್ಲ, ವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ. ಅವತ್ತು ಇಡೀ ಕಠ್ಮಂಡು ದೇವಸ್ಥಾನಕ್ಕೆ ಹೊರಡುತ್ತೆ. ಮೊದಲ ಪ್ರಯತ್ನ ಮುಗ್ಗರಿಸಿದ್ದು ಅಲ್ಲೇ: ಶನಿವಾರ ಮನಕಾಮನಾ ಕೇಬಲ್ ಕಾರಿನ ಸಾಲು ಮೂರು ಗಂಟೆ ಹಿಡಿಯಿತು, ಮೇಲೆ ಗುಡಿಯ ಸಾಲು ಬೇರೆ. ಇಬ್ಬರು ಅರ್ಧದಲ್ಲೇ ಕೂತುಬಿಟ್ಟರು. ದಕ್ಷಿಣಕಾಳಿಯಲ್ಲಿ ಮಂಗಳವಾರ, ಶನಿವಾರ ಎರಡೂ ದಿನ ಬಲಿ ಜೋರು. ಪಶುಪತಿಗೆ ಸೋಮವಾರ ನೂಕುನುಗ್ಗಲು. ಇಷ್ಟನ್ನೂ ತಪ್ಪಿಸೋಕೆ ನಾವು ಹಿಡಿದ ಜೋಡಣೆ ಇದು: ಭಾನುವಾರ ಗಡಿ, ಸೋಮವಾರ ಮನಕಾಮನಾ, ಮಂಗಳವಾರ ಗುಹ್ಯೇಶ್ವರಿ ಮತ್ತು ಪಶುಪತಿ, ಬುಧವಾರ ದಕ್ಷಿಣಕಾಳಿ, ಗುರುವಾರ ವಾಪಸು. ಆಷಾಢ, ಶ್ರಾವಣ ಬೇಡವೇ ಬೇಡ. ನಾರಾಯಣಘಾಟ್–ಮುಗ್ಲಿನ್ ನಡುವಿನ 36 ಕಿ.ಮೀ.ನಲ್ಲಿ ಗುಡ್ಡ ಜರಿಯುತ್ತೆ. 2024ರ ಜುಲೈನಲ್ಲಿ ಎರಡು ಬಸ್ಸು ತ್ರಿಶೂಲಿ ನದಿಗೆ ಹೋದದ್ದು ಅದೇ ರಸ್ತೆಯಲ್ಲಿ.

ಭಾನುವಾರ ಬೆಳಗ್ಗೆ 9ರೊಳಗೆ ಗಡಿ ದಾಟಬೇಕು. ನಾವು ವೀಸಾ ಇಲ್ಲದ ಗಿರಾಕಿಗಳು, ಆದರೆ ಚೀಟಿ ಬೇಕು: ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ. ಆಧಾರ್ ನೆಚ್ಚಿಕೊಂಡು ಬರಬೇಡಿ. ವಾಪಸು ಯಾರಾದರೂ ವಿಮಾನ ಹತ್ತಬೇಕಾಗಿ ಬಂದರೆ 15ರಿಂದ 65 ವಯಸ್ಸಿನವರಿಗೆ ಅದು ನಡೆಯಲ್ಲ. ಆಚೆ ಕಡೆ ನೇಪಾಳಿ ನಂಬರಿನ ಹಾಯೇಸ್ ವ್ಯಾನೇ ಸರಿ. ನಮ್ಮ ಕಡೆಯ ಗಾಡಿ ಒಯ್ದರೆ ಭನ್ಸಾರ್ (ಅಲ್ಲಿನ ಸುಂಕದ ಚೀಟಿ) ದಿನದ ಲೆಕ್ಕ, ದಿನ ಮೀರಿದರೆ ರಗಳೆ. ಗಾಡಿಗೆ ಯಾರನ್ನ ಕೇಳಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ, ಬರೆದರೆ ಮುಂದಿನ ಸಲ ನನಗೇ ದರ ಏರುತ್ತೆ. ಬುಟ್ವಲ್‌ನಿಂದ ನಾರಾಯಣಘಾಟ್‌ವರೆಗೆ ವರ್ಷಗಟ್ಟಲೆ ನಡೆದಿರೋ ರಸ್ತೆ ಅಗಲೀಕರಣದ ಧೂಳು, ಮಾಸ್ಕ್ ಕೈಯಲ್ಲಿರಲಿ. ರಾತ್ರಿ ವಾಸ್ತವ್ಯ ಕುರಿನ್ತಾರ್‌ನಲ್ಲೇ, ಕೇಬಲ್ ಕಾರಿನ ಬುಡದಲ್ಲಿ. ಇಡೀ ಯೋಜನೆ ನಿಂತಿರೋದು ಈ ಒಂದು ರಾತ್ರಿಯ ಮೇಲೆ.

ಯಾಕೆ ಅಂದರೆ, ಪ್ಯಾಕೇಜಿನವರು ಕಠ್ಮಂಡುವಿನಿಂದ ತಿಂಡಿ ಮುಗಿಸಿ ಹೊರಡುತ್ತಾರೆ. 104 ಕಿ.ಮೀ. ಅಂತ ಕಾಗದದಲ್ಲಿದ್ದರೂ ನಾಲ್ಕು ಗಂಟೆ ಹಿಡಿಯುತ್ತೆ. ಕೌಂಟರ್ ಮುಟ್ಟೋ ಹೊತ್ತಿಗೆ ಊಟದ ವಿರಾಮ, ಕಾರು ನಿಂತಿರುತ್ತೆ. ವಿರಾಮ ಮುಗಿದಾಗ ಸಾಲು ಇಮ್ಮಡಿ. ಸಂಜೆ 5ಕ್ಕೆ ಬಂದ್ ಆಗೋದರಿಂದ ಮೇಲೆ ಹೋದವರಿಗೂ ಗಡಿಬಿಡಿ. ಬುಡದಲ್ಲೇ ಮಲಗಿದವರು 8 ಗಂಟೆಗೆ ಕೌಂಟರಿನಲ್ಲಿ ನಿಂತು 9ರ ಮೊದಲ ಕಾರುಗಳಲ್ಲಿ ಏರಬಹುದು. ಭಾರತೀಯರಿಗೆ ಬೇರೆ ದರ, ಡಾಲರಿನವರಿಗಿಂತ ಕಡಿಮೆ. ಗುರುತಿನ ಚೀಟಿ ತೋರಿಸದಿದ್ದರೆ ವಾದ ಶುರು. 11 ಜನರ ಚೀಟಿಗಳನ್ನ ಒಬ್ಬರ ಕೈಯಲ್ಲೇ ಜೋಡಿಸಿ ಕೊಟ್ಟರೆ ಎರಡೇ ನಿಮಿಷ.

1998ರಿಂದ ಓಡುತ್ತಿರೋ ಕಾರು ಅದು. 258 ಮೀಟರ್ ಎತ್ತರದಿಂದ 1302 ಮೀಟರಿಗೆ, 2.8 ಕಿ.ಮೀ. ದೂರ, ಸುಮಾರು 10 ನಿಮಿಷ. ಒಂದು ಡಬ್ಬಿಗೆ 6 ಜನ. ದರಪಟ್ಟಿಯಲ್ಲಿ ಮೇಕೆಗೂ ಒಂದು ಸಾಲಿದೆ, ಒಂದೇ ಕಡೆಯ ಟಿಕೆಟ್. ವಾಪಸು ಬರೋ ಪ್ರಶ್ನೆ ಇಲ್ಲವಲ್ಲ. ಬಲಿಯ ಜಾಗ ಗುಡಿಯ ಹಿಂಬದಿ; ನೋಡಲಾಗದವರು ದರ್ಶನ ಮುಗಿಸಿ ಬಂದ ಕಡೆಯಿಂದಲೇ ಇಳಿಯಲಿ, ಪ್ರದಕ್ಷಿಣೆಯ ಹಟ ಬೇಡ. ಮೇಲಿನ ನಿಲ್ದಾಣದಿಂದ ಗುಡಿಗೆ ಅಂಗಡಿಗಳ ನಡುವೆ ಮೆಟ್ಟಿಲು, ಮಂಡಿಯವರಿಗೆ 20 ನಿಮಿಷ. ಪೂಜೆ ಮಗರ್ ಅರ್ಚಕರದು, ಲಖನ್ ಥಾಪಾ ವಂಶದವರು ಅನ್ನೋ ಪರಂಪರೆ. ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿಸೋ ನಮ್ಮ ಕ್ರಮವನ್ನ ಅಲ್ಲಿ ಹುಡುಕಬೇಡಿ. 2015ರ ಭೂಕಂಪದಲ್ಲಿ ನಲುಗಿದ ಗುಡಿಯನ್ನ ಸರಿಮಾಡಿ ಛಾವಣಿಗೆ ಚಿನ್ನದ ಲೇಪ ಹಾಕಿದ್ದಾರೆ. ಬೆಳಗಿನ ಬಿಸಿಲಲ್ಲಿ ನೋಡಬೇಕು, ಮಧ್ಯಾಹ್ನ ಕಣ್ಣು ಬಿಡೋಕಾಗಲ್ಲ.

ಒಮ್ಮೆ ಮೂವರು ಗಟ್ಟಿಗರು ಆಬು ಖೈರೇನಿಯ ಹಳೇ ಕಾಲುದಾರಿಯನ್ನೂ ನೋಡಿದ್ದುಂಟು. ಹತ್ತೋಕೆ ನಾಲ್ಕೂವರೆ ಗಂಟೆ. ದಾರಿ ಚೆಂದ, ಆದರೆ ಗುಂಪಿನ ವೇಳಾಪಟ್ಟಿ ಕೆಟ್ಟಿತು. ಮುಂದಿನ ಸಲ ಕಾರಲ್ಲಿ ಹತ್ತಿ ನಡೆದು ಇಳಿಯೋದು.

ಗುಹ್ಯೇಶ್ವರಿ ಪಶುಪತಿಗಿಂತ ಮೊದಲು, ಅದೇ ಕ್ರಮ. ಬಾಗ್ಮತಿಯ ದಡ, ಪಶುಪತಿಯಿಂದ ಸುಮಾರು ಒಂದು ಕಿ.ಮೀ. ಪ್ರತಾಪ ಮಲ್ಲ 17ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ. ಒಳಗೆ ವಿಗ್ರಹ ಇಲ್ಲ. ನೆಲದ ಮಟ್ಟದಲ್ಲಿ ಬೆಳ್ಳಿ–ಬಂಗಾರದ ಹೊದಿಕೆಯ ಕಲಶ, ಕೆಳಗೆ ಒರತೆ. ಬಗ್ಗಿ ಕೈ ಇಳಿಸಿ ನೀರು ಮುಟ್ಟಬೇಕು. ಬಗ್ಗಲಾಗದವರಿಗೆ ಇದು ಕಷ್ಟದ ಜಾಗ, ಆಚೀಚೆ ಒಬ್ಬೊಬ್ಬರು ಹಿಡಿದುಕೊಂಡು ಕೂರಿಸಿ. ಉಂಗುರ, ಬಳೆ ಮೊದಲೇ ಬಿಚ್ಚಿಸಿ. ಒಳಗೆ ಜಾರಿದ್ದು ಸಿಕ್ಕೋದು ಕಷ್ಟ. ಅಕ್ಕಪಕ್ಕದವರ ತಟ್ಟೆಯಲ್ಲಿ ಮೊಟ್ಟೆ, ಮದ್ಯ ಕಂಡರೆ ಮುಖ ಸಿಂಡರಿಸಬೇಡಿ, ಅದು ಅಲ್ಲಿನ ತಾಂತ್ರಿಕ ಪದ್ಧತಿ. ಅಲ್ಲಿಂದ ಪಶುಪತಿಗೆ ಮೃಗಸ್ಥಲಿ ಗುಡ್ಡದ ಮೆಟ್ಟಿಲುದಾರಿ ಹತ್ತಿರ, ಆದರೆ ಕೋತಿಗಳು ಪ್ರಸಾದದ ಚೀಲವನ್ನೇ ಎಳೆಯುತ್ತವೆ. ವಯಸ್ಸಾದವರಿಗೆ ಟ್ಯಾಕ್ಸಿ. ಪಶುಪತಿಯಲ್ಲಿ ಚರ್ಮದ ಬೆಲ್ಟು, ಪರ್ಸು ಹೊರಗೆ. ಮೂಲಲಿಂಗ ಮುಟ್ಟುವ ಭಟ್ಟರು ನಮ್ಮ ಕರಾವಳಿ ಕಡೆಯವರು ಅಂತ ಸಾಲಿನಲ್ಲಿ ಕನ್ನಡ ಶುರುಮಾಡಬೇಡಿ, ಹಿಂದಿನವರು ತಳ್ಳುತ್ತಾರೆ.

ಹೊರಡೋ ಮೊದಲು ಎಲ್ಲರೂ ಕೇಳಿದ ಪ್ರಶ್ನೆ: ಗುಹ್ಯೇಶ್ವರಿ ಹದಿನೆಂಟು ಶಕ್ತಿಪೀಠದಲ್ಲಿದೆಯಾ? ಇಲ್ಲ. ‘ಲಂಕಾಯಾಂ ಶಾಂಕರೀ ದೇವೀ’ ಅಂತ ಶುರುವಾಗೋ ಶ್ಲೋಕದಲ್ಲಿ ನಮ್ಮ ಚಾಮುಂಡಿ ಇದ್ದಾಳೆ, ನೇಪಾಳದವರಿಲ್ಲ. ಗುಹ್ಯೇಶ್ವರಿ ಬರೋದು 51 ಶಕ್ತಿಪೀಠಗಳ ಲೆಕ್ಕದಲ್ಲಿ. ಹದಿನೆಂಟು ಪೂರೈಸೋ ಹಟದವರು ಶ್ರೀಲಂಕಾದ ತ್ರಿಂಕೋಮಲಿಗೆ ಹೋಗಲಿ, ಅದು ಬೇರೆಯೇ ಖರ್ಚು.

ದಕ್ಷಿಣಕಾಳಿ ಕಠ್ಮಂಡುವಿನಿಂದ 22 ಕಿ.ಮೀ., ಫರ್ಪಿಂಗ್ ದಾಟಿ. ಗುಡಿ ಕೆಳಗೆ ಹಳ್ಳದ ಪಕ್ಕ, ನೆಲ ಸದಾ ಒದ್ದೆ. ಬುಧವಾರ ಸಾಲು ಹದಿನೈದೇ ನಿಮಿಷ. ಕಾಲಿಗೆ ಹಳೇ ಸಾಕ್ಸ್ ಹಾಕಿಸಿ ಜಾರದಂತೆ ನೋಡಿಕೊಂಡೆವು. ಇದು ನಮ್ಮದೇ ಉಪಾಯ.

ದುಡ್ಡು ಸೋರಿದ್ದು ಒಂದೇ ಕಡೆ. ಯಾರು ಬೆಲೆ ಹೇಳಿದರೂ ‘ಐಸಿನಾ, ಎನ್‌ಸಿನಾ’ (ಭಾರತದ ರೂಪಾಯಿಯಾ, ನೇಪಾಳದ್ದಾ) ಅಂತ ಕೇಳಲೇಬೇಕು. ನಮ್ಮ 1 ರೂಪಾಯಿಗೆ ಅವರ 1.60. ಕೇಳದೆ ಎಣಿಸಿಕೊಟ್ಟು ಹೂವಿನಂಗಡಿ, ಚಹಾದಂಗಡಿಗಳಲ್ಲೇ ಎರಡು ಸಾವಿರ ಹೋಯಿತು. 100ರ ನೋಟು ಎಲ್ಲ ಕಡೆ ನಡೆಯುತ್ತೆ, ದೊಡ್ಡ ನೋಟು ಕೊಟ್ಟಾಗ ತಕರಾರು ಬಂತು. ಬ್ಯಾಂಕಿನಲ್ಲಿ ನೂರರ ಎರಡು ಕಟ್ಟು ಮೊದಲೇ ಹೇಳಿಡಿ. ನಮ್ಮ ಯುಪಿಐ ಅಲ್ಲಿನ ‘ಫೋನೆಪೇ’ (Fonepay, ನಮ್ಮ ಫೋನ್‌ಪೇ ಅಲ್ಲ) ಅಂಗಡಿ ಕ್ಯೂಆರ್‌ನಲ್ಲಿ ನಡೆಯುತ್ತೆ. ಮನೆಯಿಂದ ಒಯ್ದ ರೈಸ್ ಕುಕ್ಕರ್ ಮಾತ್ರ ಕುರಿನ್ತಾರ್‌ನಲ್ಲಿ ಇಡೀ ಮಹಡಿಯ ಫ್ಯೂಸ್ ಹಾರಿಸಿತು. ಆಮೇಲೆ ಅವಲಕ್ಕಿ, ಚಟ್ನಿಪುಡಿ.