ಓಪನ್‌ಬ್ಯಾಕ್ ಹೆಡ್‌ಫೋನನ್ನು ನಾನು ಪರೀಕ್ಷೆ ಮಾಡಿದ ಕ್ರಮ

ಓಪನ್‌ಬ್ಯಾಕ್ ಹೆಡ್‌ಫೋನಿನಲ್ಲಿ ಕಿವಿಯ ಮೇಲೆ ಕೂರುವ ಬಟ್ಟಲಿನ ಹಿಂಬದಿ ಮುಚ್ಚಿರುವುದಿಲ್ಲ, ಬರೇ ಜಾಲರಿ. ಒಳಗಿನ ಶಬ್ದ ಹೊರಗೆ ಹೋಗುತ್ತದೆ, ಹೊರಗಿನದ್ದು ಒಳಗೆ ಬರುತ್ತದೆ. ಇದೇನೂ ಹೊಸ ಸಂಗತಿಯಲ್ಲ. ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಓಪನ್ ಹೆಡ್‌ಫೋನನ್ನು ತಂದದ್ದು 1968ರಲ್ಲಿ. ಇವತ್ತಿಗೂ ಜನ ಹುಡುಕಿ ಕೊಳ್ಳುವ ಎಚ್‌ಡಿ 600 ಬಂದದ್ದು 1997ರಲ್ಲಿ. ಗೇಮ್ ಆಡುವವರೂ ಇದನ್ನೇ ಕೇಳಲು ಶುರು ಮಾಡಿದ್ದು ಮಾತ್ರ ಈಚೆಗೆ. "ಹೆಜ್ಜೆ ಸದ್ದು ಎಲ್ಲಿಂದ ಬಂತು ಅಂತ ಕರೆಕ್ಟಾಗಿ ಗೊತ್ತಾಗುತ್ತದೆ" ಎಂಬುದು ಅದರ ಮೇಲಿರುವ ದೊಡ್ಡ ಹೊಗಳಿಕೆ. ಅದು ಎಷ್ಟು ನಿಜ ಎಂದು ನೋಡುವ ಕುತೂಹಲ ನನಗೆ ಮೊದಲಿಂದಲೂ ಇತ್ತು.

ನನ್ನ ಮನೆ ಇರುವುದು ಕಾಸರಗೋಡು ಕಡೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ. ಹಂಚಿನ ಮಾಡು, ಅಂಗಳಕ್ಕೆ ತಗಡಿನ ಶೀಟು. ಹಗಲಿಡೀ ಕಂಪ್ಯೂಟರಿನಲ್ಲೇ ಕೆಲಸ, ರಾತ್ರಿ ಸ್ವಲ್ಪ ಹೊತ್ತು ಆಟ, ಉಳಿದ ಸಮಯದಲ್ಲಿ ತಾಳಮದ್ದಳೆಯ (ವೇಷ, ಕುಣಿತ ಇಲ್ಲದ ಯಕ್ಷಗಾನದ) ರೆಕಾರ್ಡಿಂಗ್. ಮಂಗಳೂರಿನಲ್ಲಿರುವ ಭಾವನ ಹತ್ತಿರ ಉಪಯೋಗಿಸದೆ ಇಟ್ಟ ಓಪನ್‌ಬ್ಯಾಕ್ ಒಂದಿತ್ತು. "ತೆಕ್ಕೊಂಡು ಹೋಗು, ಬೇಡ ಅಂತ ಕಂಡರೆ ದೀಪಾವಳಿಗೆ ಬರುವಾಗ ತಾ" ಎಂದರು. ಮೇ ತಿಂಗಳಲ್ಲಿ ಕೈಗೆ ಬಂದದ್ದರಿಂದ ಒಂದು ಪೂರ್ತಿ ಮಳೆಗಾಲ ಪರೀಕ್ಷೆಗೆ ಸಿಕ್ಕಿತು. 120 ಓಮಿನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಮಧ್ಯಮ ಬೆಲೆಯ ಮಾಲು. ಮಾಡೆಲಿನ ಹೆಸರು ಇಲ್ಲಿ ಬೇಡ, ಒಂದು ಮಾಡೆಲಿಗೆ ಸರ್ಟಿಫಿಕೇಟ್ ಕೊಡಲಿಕ್ಕೆ ಕೂತದ್ದಲ್ಲ ನಾನು. ಹೋಲಿಸಲಿಕ್ಕೆ ನನ್ನಲ್ಲಿ ಮೊದಲೇ ಇದ್ದ, ಹಿಂಬದಿ ಮುಚ್ಚಿದ ಹೆಡ್‌ಫೋನ್ ಇತ್ತು.

ಎರಡನ್ನು ಹೋಲಿಸುವಾಗ ಮೊದಲ ಕೆಲಸ ವಾಲ್ಯೂಮ್ ಸಮ ಮಾಡುವುದು. ಒಂದರ ಶಬ್ದ ಒಂದು ಡೆಸಿಬೆಲ್ ಮೇಲಿದ್ದರೂ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಚೆಂದ ಎಂದು ಗುರುತಿಸುತ್ತದೆ. ಅದರ ಮೇಲೆ, ವಾಲ್ಯೂಮ್ ಇಳಿದಷ್ಟೂ ತಗ್ಗಿನ ಸ್ವರ ನಮ್ಮ ಕಿವಿಗೆ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ ವಿಷಯ ಇದು. ಹಾಗಾಗಿ ಸಣ್ಣದಾಗಿ ಇಟ್ಟ ಹೆಡ್‌ಫೋನಿಗೆ "ಬೇಸ್ ಇಲ್ಲ" ಎಂಬ ಅಪವಾದ ಸುಮ್ಮನೆ ಬರುತ್ತದೆ. ವಿಮರ್ಶೆಗಳಲ್ಲಿ ಕಾಣುವ ಅರ್ಧ ಜಗಳಕ್ಕೆ ಇದೇ ಕಾರಣ ಎಂದು ನನ್ನ ಗುಮಾನಿ.

ಅಳೆಯಲಿಕ್ಕೆ ಸಾವಿರಗಟ್ಟಲೆ ರೂಪಾಯಿಯ ಕೃತಕ ಕಿವಿ ಬೇಕಾಗಿಲ್ಲ. ಅಡಿಕೆ ಹಾಳೆಯ ತಟ್ಟೆಯ ಸಪಾಟಾದ ತಳ ಕತ್ತರಿಸಿ, ನಡುವೆ ತೂತು ಮಾಡಿ, ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಅದರಲ್ಲಿ ಕೂರಿಸಿ, ಸುತ್ತ ಮೇಣ ಮೆತ್ತಿದೆ. ರಟ್ಟಿನಲ್ಲೂ ಆಗುತ್ತದೆ, ಆದರೆ ನಮ್ಮ ಮಳೆಗಾಲದ ಥಂಡಿಗೆ ರಟ್ಟು ಬೇಗ ಮೆತ್ತಗಾಗುತ್ತದೆ. ಹೆಡ್‌ಫೋನಿನ ಪ್ಯಾಡನ್ನು ಆ ಹಾಳೆಯ ಮೇಲೆ ಒತ್ತಿ ಹಿಡಿದು, ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಸೇರಿದ, ಭೋರೆನ್ನುವ ಪರೀಕ್ಷೆಯ ಶಬ್ದ) ಹಾಕಿ, ಶಬ್ದ ಅಳೆಯುವ ಮೊಬೈಲಿನ ಆ್ಯಪ್‌ನಲ್ಲಿ ಎರಡಕ್ಕೂ ಒಂದೇ ಅಂಕಿ ಬರುವ ಹಾಗೆ ವಾಲ್ಯೂಮ್ ಹೊಂದಿಸುವುದು. ಆ ಅಂಕಿ ನಿಜವಾದ ಡೆಸಿಬೆಲ್ ಅಲ್ಲ; ಎರಡರ ನಡುವಿನ ವ್ಯತ್ಯಾಸ ಹೇಳಲಿಕ್ಕೆ ಮಾತ್ರ ಸಾಕು. ಬೇಸ್ ಅಳೆಯಲಿಕ್ಕೆ ಇದು ಆಗದು. ಪ್ಯಾಡ್ ಒಂಚೂರು ಸರಿದರೆ ತಗ್ಗಿನ ಸ್ವರ ಸೋರಿಹೋಗಿ ಲೆಕ್ಕ ತಪ್ಪುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಕೇಳಿ ನೋಡಬೇಕು ಎನ್ನುವುದೂ ಇದಕ್ಕೇ. ಕಡ್ಡಿ ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಬೇಸ್ ಅಲ್ಲಿಂದಲೇ ಹೋಗುತ್ತದೆ.

120 ಓಮಿಗೆ ಆಂಪ್ಲಿಫಯರ್ ಬೇಕೇ ಬೇಕು ಎಂದು ಅಂಗಡಿಯವನೊಬ್ಬ ಖಂಡಿತವಾಗಿ ಹೇಳಿದ್ದ. ಓಮ್ ಒಂದನ್ನೇ ನೋಡಿ ಹಾಗೆ ಹೇಳಲಿಕ್ಕೆ ಬರುವುದಿಲ್ಲ, ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ವಿದ್ಯುತ್ತಿಗೆ ಎಷ್ಟು ಜೋರು ಶಬ್ದ ಬರುತ್ತದೆ ಎಂಬುದು ಮುಖ್ಯ. ನನ್ನ ಕೈಯಲ್ಲಿದ್ದದ್ದು ಒಂದು ವೋಲ್ಟಿಗೆ 110 ಡೆಸಿಬೆಲ್ ಕೊಡುವಂಥದ್ದು. 120 ಓಮಿಗೆ ಒಂದು ವೋಲ್ಟ್ ಎಂದರೆ ಎಂಟು ಮಿಲಿವ್ಯಾಟ್ ಚಿಲ್ಲರೆ ಮಾತ್ರ. ನಾನು ಕೇಳುವುದು ಸರಾಸರಿ ಎಪ್ಪತ್ತೈದರಲ್ಲಿ. ಚೆಂಡೆಯ ಪೆಟ್ಟಿಗೆ ಇನ್ನೂ ಇಪ್ಪತ್ತು ಡೆಸಿಬೆಲ್ ಜಾಗ ಬಿಟ್ಟರೂ ತೊಂಬತ್ತೈದು. ಒಂದು ವೋಲ್ಟ್ ಕೊಡುವ ಸಾದಾ ಯುಎಸ್‌ಬಿ ಡಾಂಗಲ್ (ಹೆಡ್‌ಫೋನ್ ಸಿಕ್ಕಿಸುವ ಸಣ್ಣ ಅಡಾಪ್ಟರ್) ಇದಕ್ಕೆ ಧಾರಾಳ ಸಾಕು. ಎಚ್‌ಡಿ 600ರಂಥ 300 ಓಮಿನವಕ್ಕೆ ಲೆಕ್ಕ ಬೇರೆ. ಡಾಂಗಲ್ ಕೊಳ್ಳುವಾಗ ಒಂದು ಸಂಗತಿ ಗೊತ್ತಿರಲಿ: ಆ್ಯಪಲ್ಲಿನ ಟೈಪ್-ಸಿ ಡಾಂಗಲ್ ಕಂಪ್ಯೂಟರಿನಲ್ಲಿ ಪೂರ್ತಿ ವಾಲ್ಯೂಮ್ ಕೊಡುತ್ತದೆ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕೊಡುವುದಿಲ್ಲ.

ಇನ್ನು ಕೇಳುವ ವಿಷಯ. ಪರೀಕ್ಷೆಗೆ ಇಂಥಿಂಥ ಇಂಗ್ಲಿಷ್ ಹಾಡು ಹಾಕಿ ಎಂದು ಪಟ್ಟಿಗಳು ಸಿಗುತ್ತವೆ. ಆ ಹಾಡುಗಳ ಡ್ರಮ್ಮನ್ನಾಗಲಿ ಗಿಟಾರನ್ನಾಗಲಿ ನಾನು ಎದುರು ಕೂತು ಕೇಳಿದವನಲ್ಲ. ಅದು ಹೇಗೆ ಕೇಳಬೇಕು ಎಂದೇ ಗೊತ್ತಿಲ್ಲದಿದ್ದರೆ ಸರಿ ಕೇಳಿತೋ ಇಲ್ಲವೋ ಎಂದು ಹೇಳುವುದು ಹೇಗೆ? ನನಗೆ ಹಿಮ್ಮೇಳ ಗೊತ್ತುಂಟು. ನೆರೆಕರೆಯ ಮನೆಯೊಂದರ ತಾಳಮದ್ದಳೆಯಲ್ಲಿ ನಾನೇ ಸ್ಟೀರಿಯೋ ರೆಕಾರ್ಡರ್ ಇಟ್ಟು, ಅದರ ಹಿಂದೆಯೇ ಕೂತು ಕೇಳಿದ ಪದಗಳಿದ್ದವು. ಭಾಗವತರು ನಡುವೆ, ಮದ್ದಳೆ ಎಡಕ್ಕೆ, ಚೆಂಡೆ ಬಲಕ್ಕೆ ಸ್ವಲ್ಪ ಹಿಂದೆ. ಅಡುಗೆ ಕೋಣೆ ಕಡೆಯಿಂದ ಚಾ ಲೋಟದ ಸದ್ದು ಕೂಡ ಅದರಲ್ಲಿ ಉಂಟು.

ಮುಚ್ಚಿದ ಹೆಡ್‌ಫೋನಿನಲ್ಲಿ ಏರುಪದ ಬಂದಾಗ ಚೆಂಡೆ ಎಲ್ಲವನ್ನೂ ನುಂಗುತ್ತದೆ. ಪೆಟ್ಟಿನ ಹಿಂದೆಯೇ ಬಟ್ಟಲಿನೊಳಗೆ ಒಂದು ಗುಂಗು ಉಳಿಯುತ್ತದೆ. ಅದು ಮುಗಿಯುವ ಮೊದಲೇ ಮುಂದಿನ ಪೆಟ್ಟು. ಓಪನ್‌ಬ್ಯಾಕಿನಲ್ಲಿ ಆ ಗುಂಗು ಜಾಲರಿಯ ಮೂಲಕ ಹೊರಗೆ ಹೋಗುವುದರಿಂದ ಪೆಟ್ಟು ಪೆಟ್ಟಾಗಿಯೇ ನಿಲ್ಲುತ್ತದೆ. ಎರಡು ಪೆಟ್ಟುಗಳ ನಡುವಿನ ಸಂದಿನಲ್ಲಿ ಮದ್ದಳೆಯ ಬೆರಳು ಕೇಳುತ್ತದೆ, ಅದರ ಕೆಳಗೆ ಶ್ರುತಿ ಕೇಳುತ್ತದೆ. ಭಾಗವತರು ಪದ ಎತ್ತುವ ಮೊದಲು ಉಸಿರು ತೆಗೆದುಕೊಂಡದ್ದು, ಚಾ ಲೋಟ ಕೋಣೆಯ ಆಚೆ ಇದ್ದದ್ದು, ಎರಡೂ ಸ್ಪಷ್ಟ. ದೋಷ ಇದ್ದದ್ದು ಚಕ್ರತಾಳದ (ಲೋಹದ ತಾಳದ) ಸದ್ದಿನಲ್ಲಿ. ಎದುರು ಕೂತು ಕೇಳುವಾಗ ಇರುವುದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು, ಅಂದರೆ ಮೇಲಿನ ಸ್ವರಗಳಲ್ಲಿ ಎಲ್ಲೋ ಒಂದು ಏರು ಉಂಟು. ವಿಂಡೋಸಿಗೆ ಪುಕ್ಕಟೆ ಸಿಗುವ, ಬೇಕಾದ ಸ್ವರವನ್ನು ಏರಿಸಿ ಇಳಿಸುವ ಈಕ್ವಲೈಸರ್ ಎಪಿಒ ಎಂಬ ಸಾಫ್ಟ್‌ವೇರ್ ಹಾಕಿ, ಚುಚ್ಚುವ ಜಾಗ ಹುಡುಕಿ, ಮೂರು ಡೆಸಿಬೆಲ್ ಇಳಿಸಿದ ಮೇಲೆ ಸರಿಯಾಯಿತು. ಹುಡುಕುವ ವಿಧಾನ ಸುಲಭ: ಸ್ವಲ್ಪವೇ ಸ್ವರಗಳಿಗೆ ತಾಗುವ ಒಂದು ಕಿರಿದಾದ ಫಿಲ್ಟರನ್ನು ಮೊದಲು ಏರಿಸಿ, ನಿಧಾನ ಆಚೀಚೆ ಸರಿಸಿ, ಎಲ್ಲಿ ತಡೆಯಲಿಕ್ಕೇ ಆಗುವುದಿಲ್ಲವೋ ಅಲ್ಲಿ ಇಳಿಸುವುದು. ವಾಲ್ಯೂಮ್ ಸಣ್ಣದಿಟ್ಟು ಮಾಡಿ.

ಸಿನಿಮಾ ಹಾಡಿನ ವಿಷಯ ಬೇರೆ. ಮದ್ದಳೆಯ ತಗ್ಗಿನ ನಾದಕ್ಕೂ ಈಗಿನ ಹಾಡುಗಳ ಸಿಂಥ್ ಬೇಸಿಗೂ ಬಹಳ ದೂರ. ಐವತ್ತು ಹರ್ಟ್ಸಿನ ಕೆಳಗೆ ಓಪನ್‌ಬ್ಯಾಕ್ ಸಾಮಾನ್ಯವಾಗಿ ಸೋಲುತ್ತದೆ. ನೂರು ಹರ್ಟ್ಸಿನಿಂದ ಕೆಳಗೆ ನಾಲ್ಕು ಡೆಸಿಬೆಲ್ ಏರಿಸಿದೆ, ಶಬ್ದ ಒಡೆಯದ ಹಾಗೆ ಪ್ರೀಆಂಪನ್ನು (ಒಟ್ಟು ಶಬ್ದದ ಮಟ್ಟವನ್ನು) ಅಷ್ಟೇ ಇಳಿಸಿದೆ. ಸುಧಾರಿಸಿತು, ಎದೆಗೆ ಗುದ್ದುವ ಮಟ್ಟಕ್ಕೆ ಬರಲಿಲ್ಲ. ಅದೇ ಬೇಕು ಅನ್ನುವವರು ಓಪನ್‌ಬ್ಯಾಕ್ ಗೋಜಿಗೆ ಹೋಗುವುದು ಬೇಡ.

ಗೇಮಿಗೆ ನಾನು ಇಟ್ಟ ಪರೀಕ್ಷೆ ಹೀಗೆ. ವ್ಯಾಲೊರಂಟ್ ಎಂಬ ಗುಂಡು ಹಾರಿಸುವ ಗೇಮಿನಲ್ಲಿ ನಾನು ಮತ್ತು ಕಾಞಂಗಾಡಿನ ಗೆಳೆಯ ಇಬ್ಬರೇ ಇರುವ ಕಸ್ಟಮ್ ಆಟ. ನಾನು ಒಂದು ಕಡೆ ನಿಂತು ಕಣ್ಣು ಮುಚ್ಚುವುದು, ಅವನು ನನ್ನ ಸುತ್ತ ಓಡಿ ಒಂದು ಕಡೆ ನಿಲ್ಲುವುದು. ಓಡಲೇಬೇಕು, ಆ ಆಟದಲ್ಲಿ ಮೆಲ್ಲ ನಡೆದರೆ ಹೆಜ್ಜೆ ಕೇಳುವುದಿಲ್ಲ. ಅವನು ಮಲಯಾಳದಲ್ಲಿ ಎಲ್ಲಿ ಎಂದು ಕೇಳಿದಾಗ ನಾನು ಗಡಿಯಾರದ ಲೆಕ್ಕದಲ್ಲಿ ಮೂರು ಗಂಟೆ, ಏಳು ಗಂಟೆ ಎಂದು ಹೇಳುವುದು. ಒಂದು ಸುತ್ತು ಓಪನ್‌ಬ್ಯಾಕ್, ಒಂದು ಸುತ್ತು ಮುಚ್ಚಿದ್ದು, ವಾಲ್ಯೂಮ್ ಸಮ. ಆಟದ ಎಚ್‌ಆರ್‌ಟಿಎಫ್ ಆನ್ ಇಟ್ಟಿದ್ದೆ. ಶಬ್ದ ಒಂದು ಕಡೆಯಿಂದ ಬಂದಾಗ ತಲೆ, ಹೊರಗಿವಿ ಅದನ್ನು ಹೇಗೆ ಬದಲಿಸುತ್ತವೆಯೋ ಹಾಗೆ ಲೆಕ್ಕ ಹಾಕಿ ಕೊಡುವ ಸೌಲಭ್ಯ ಅದು. ಅದು ಆನ್ ಇರುವಾಗ ವಿಂಡೋಸ್ ಸೋನಿಕ್ಕಾಗಲಿ ಡಾಲ್ಬಿ ಆಟ್ಮಸ್ಸಾಗಲಿ ಆಫ್ ಇರಬೇಕು. ಇಲ್ಲದಿದ್ದರೆ ಒಂದೇ ಕೆಲಸ ಎರಡು ಸಲ ಆಗಿ ದಿಕ್ಕೆಲ್ಲ ಕಲಸಿಹೋಗುತ್ತದೆ.

ಎಡ ಬಲದಲ್ಲಿ ಎರಡೂ ಹೆಡ್‌ಫೋನ್ ಸರಿಸಮ. ನೇರ ಮುಂದೆಯೋ ನೇರ ಹಿಂದೆಯೋ ಎಂಬಲ್ಲಿ ಎರಡರಲ್ಲೂ ಗೊಂದಲ. ಅದು ಹೆಡ್‌ಫೋನಿನ ತಪ್ಪಲ್ಲ, ಆಟದ ಲೆಕ್ಕದಲ್ಲಿರುವುದು ಯಾರದೋ ಸರಾಸರಿ ಕಿವಿ, ನನ್ನ ಕಿವಿ ಅಲ್ಲ. ಹಾಗಾಗಿ "ಓಪನ್‌ಬ್ಯಾಕ್ ಹಾಕಿದರೆ ಶತ್ರು ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವ್ಯತ್ಯಾಸ ಕಂಡದ್ದು ಗದ್ದಲ ಇದ್ದಾಗ. ತಗ್ಗಿನ ಸ್ವರದ ದೊಡ್ಡ ಶಬ್ದ ಅದಕ್ಕಿಂತ ಮೇಲಿನ ಸಣ್ಣ ಶಬ್ದಗಳನ್ನು ಮುಚ್ಚಿಬಿಡುತ್ತದೆ. ಬೇಸ್ ಜಾಸ್ತಿ ಇರುವ ನನ್ನ ಮುಚ್ಚಿದ ಹೆಡ್‌ಫೋನಿನಲ್ಲಿ ಸ್ಫೋಟದ ಬೆನ್ನಿಗೆ ಬಂದ ಹೆಜ್ಜೆ ಕೇಳುತ್ತಿರಲಿಲ್ಲ, ಓಪನ್‌ಬ್ಯಾಕಿನಲ್ಲಿ ಕೇಳುತ್ತಿತ್ತು. ಸಂಗೀತಕ್ಕೆಂದು ಏರಿಸಿದ ಬೇಸನ್ನು ಆಟದ ಹೊತ್ತಿಗೆ ಇಳಿಸುವುದು ಈಗ ನನಗೆ ಅಭ್ಯಾಸವಾಗಿದೆ.

ಇನ್ನೊಂದು ಲಾಭದ ಬಗ್ಗೆ ಯಾರೂ ಹೇಳಿರಲಿಲ್ಲ. ನನ್ನ ಸ್ವರ ನನಗೇ ಕೇಳುವುದರಿಂದ ಮೈಕಿನಲ್ಲಿ ಕಿರುಚುವುದು ನಿಂತಿತು. ಮುಚ್ಚಿದ ಹೆಡ್‌ಫೋನ್ ಹಾಕಿ ರಾತ್ರಿ ಆಡುವಾಗ "ಎಂತ ಮಾರಾಯ, ಯಾರಿಗೆ ಬೈಯ್ಯುದು ನೀನು?" ಎಂದು ಅಮ್ಮ ಚಾವಡಿಯಿಂದ ಕೇಳುವುದಿತ್ತು. ಇದರ ಮಗ್ಗುಲಲ್ಲೇ ಒಂದು ಉಪದ್ರ: ಹೆಡ್‌ಫೋನಿನಿಂದ ಸೋರುವ ಶಬ್ದವನ್ನು ಮೈಕು ಹಿಡಿದು, ಗೆಳೆಯನಿಗೆ ಅವನದ್ದೇ ಮಾತು ವಾಪಸು ಹೋಗುತ್ತಿತ್ತು. ಮೈಕನ್ನು ಬಾಯಿಗೆ ನಾಲ್ಕು ಬೆರಳು ಹತ್ತಿರ ತಂದು, ಅದರ ಗೇನ್ (ಶಬ್ದ ಹಿಡಿಯುವ ಮಟ್ಟ) ಇಳಿಸಿ, ಗುಂಡಿ ಒತ್ತಿದಾಗ ಮಾತ್ರ ಮಾತು ಹೋಗುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಜೂನ್ ಬಂತು. ಹಂಚಿನ ಮೇಲೆ ಬೀಳುವ ಮಳೆ ಒಂದು ತರ, ತಗಡಿನ ಶೀಟಿನ ಮೇಲೆ ಬೀಳುವುದು ಇನ್ನೊಂದು ತರ. ಎರಡೂ ಸೇರಿದರೆ ಕೋಣೆಯೊಳಗೇ ಮೊಬೈಲ್ ಆ್ಯಪ್ ಎಪ್ಪತ್ತರ ಹತ್ತಿರ ತೋರಿಸುತ್ತದೆ. ಜಾಲರಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಪದ ಕೇಳಬೇಕಾದರೆ ವಾಲ್ಯೂಮನ್ನು ಎಂಬತ್ತೈದು, ತೊಂಬತ್ತಕ್ಕೆ ಏರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ಹಗಲಿಡೀ ಹೆಡ್‌ಫೋನ್ ಹಾಕಿ ಕೂರುವ ನನ್ನಂಥವನಿಗೆ ಆ ನಾಲ್ಕು ಗಂಟೆ ಸೋಮವಾರ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಜಡಿಮಳೆಯ ದಿನ ಮುಚ್ಚಿದ್ದನ್ನೇ ಹಾಕಿದೆ, ಬೇರೆ ದಾರಿ ಇಲ್ಲ. ನಮ್ಮ ಕಡೆ ಓಪನ್‌ಬ್ಯಾಕ್ ಒಂದನ್ನೇ ಇಟ್ಟುಕೊಂಡು ವರ್ಷ ಕಳೆಯಲಿಕ್ಕೆ ಆಗುವುದಿಲ್ಲ. ಎರಡಕ್ಕೆ ದುಡ್ಡಿಲ್ಲದಿದ್ದರೆ ಮುಚ್ಚಿದ್ದನ್ನು ತೆಗೆದುಕೊಳ್ಳುವುದೇ ವಾಸಿ.

ಇಡುವ ಕ್ರಮವೂ ಮುಖ್ಯ. ಮಖಮಲ್ಲಿನ ಪ್ಯಾಡಿಗೆ ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯದಿದ್ದರೆ ಆಶ್ಚರ್ಯ. ಬಳಸಿದ ತಕ್ಷಣ ಡಬ್ಬಿಗೆ ಹಾಕದೆ ಫ್ಯಾನಿನ ಗಾಳಿಗೆ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಒಂದು ದಿನ ಬಲಗಡೆಯಿಂದ ಕರಕರ ಸದ್ದು ಬರುತ್ತಿತ್ತು. ಪ್ಯಾಡ್ ತೆಗೆದು ನೋಡಿದರೆ ಒಂದು ತಲೆಕೂದಲು ಒಳಗೆ ಹೊಕ್ಕು ಡ್ರೈವರಿನ (ಶಬ್ದ ಹೊರಡಿಸುವ ಭಾಗದ) ಪರೆಗೆ ತಾಗುತ್ತಿತ್ತು. ಚಿಮಟದಲ್ಲಿ ಎಳೆದು ತೆಗೆದೆ. ಕಂಪನಿಗೆ ಕಳಿಸುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ದೀಪಾವಳಿಗೆ ಹೆಡ್‌ಫೋನ್ ವಾಪಸು ಕೊಡಲಿಲ್ಲ, ಭಾವ ಹೇಳಿದ ಹಣ ಕೊಟ್ಟು ಇಟ್ಟುಕೊಂಡೆ. ಆಂಪ್ಲಿಫಯರಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಇನ್ನೊಂದು ಜೊತೆ ಪ್ಯಾಡ್ ತರಿಸಿದ್ದೇನೆ. ಹಳೆಯದು ಮುಂದಿನ ಮಳೆಗಾಲ ದಾಟುವ ಲಕ್ಷಣ ಇಲ್ಲ.