ಒಂದು ಅಕ್ಷರ ಬದಲಾದಾಗ: ಆಟಿಸಂ ಸಂಶೋಧನೆಯಲ್ಲಿ ನನ್ನ ಅನುಭವ

ನನ್ನ ಕೆಲಸ ಶುರುವಾಗುವುದು ಮೂರು ಜನರ ಎಂಜಲಿನಿಂದ: ತಾಯಿ, ತಂದೆ, ಆಟಿಸಂ ಇರುವ ಮಗು. ಮೂವರ ಡಿಎನ್‌ಎಯನ್ನೂ ಓದಿ, ತಂದೆತಾಯಿ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಮಾತ್ರ ಕಾಣುವ ಬದಲಾವಣೆಗಳನ್ನು ಹೆಕ್ಕಬೇಕು. ಹೇಳುವುದು ಸಲೀಸು. ಯಂತ್ರ ಕೊಡುವ ಪಟ್ಟಿಯಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ತಾಯಿಯ ಮಾದರಿಯಲ್ಲಿ ಆ ಜಾಗವನ್ನು ಸಾಕಷ್ಟು ಸಲ ಓದಿರದಿದ್ದರೆ, ಆಕೆಯಿಂದಲೇ ಬಂದದ್ದು ಹೊಸದೆಂಬಂತೆ ಪಟ್ಟಿಗೆ ಸೇರಿಬಿಡುತ್ತದೆ. ಆದ್ದರಿಂದ ಪಟ್ಟಿಯ ಪ್ರತಿಯೊಂದು ಸಾಲಿಗೂ ಮೂವರ ಕಚ್ಚಾ ದತ್ತಾಂಶವನ್ನು ತೆರೆದು ಕಣ್ಣಾರೆ ನೋಡುತ್ತೇನೆ. ಈ ಕೆಲಸವನ್ನು ತಂತ್ರಾಂಶಕ್ಕೆ ಪೂರ್ತಿ ಒಪ್ಪಿಸಲು ನನಗೆ ಇಂದಿಗೂ ಮನಸ್ಸಿಲ್ಲ.

ಜೊಳ್ಳು ತೂರಿದ ಮೇಲೂ ತೊಡಕು ಮುಗಿಯುವುದಿಲ್ಲ. ನಾವೆಲ್ಲರೂ ಸುಮಾರು 60–70 ಹೊಸ ಬದಲಾವಣೆಗಳನ್ನು ಹೊತ್ತೇ ಹುಟ್ಟುತ್ತೇವೆ. ಅವುಗಳಲ್ಲಿ ಪ್ರೋಟೀನಿನ ವಿವರವಿರುವ ಭಾಗಕ್ಕೆ ಬೀಳುವುದು ಸರಾಸರಿ ಒಂದು, ಅದೂ ಬಹುತೇಕ ನಿರುಪದ್ರವಿ. ಹೊಸದೊಂದು ಸಿಕ್ಕಿತು ಎಂದ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಪರಸ್ಪರ ಸಂಬಂಧವೇ ಇಲ್ಲದ ಮಕ್ಕಳಲ್ಲಿ ಅದೇ ಜೀನ್ (ವಂಶವಾಹಿ) ಮತ್ತೆ ಮತ್ತೆ ಕೆಟ್ಟಿದ್ದರೆ ಮಾತ್ರ ಅನುಮಾನಕ್ಕೆ ಬಲ ಬರುತ್ತದೆ. 2012ರಲ್ಲಿ ಪ್ರಕಟವಾದ 238 ಕುಟುಂಬಗಳ ಅಧ್ಯಯನದಲ್ಲಿ ಹಾಗೆ ಎರಡು ಸಲ ಕಾಣಿಸಿಕೊಂಡದ್ದು ಎಸ್‌ಸಿಎನ್2ಎ. ಎರಡನೆಯ ವರ್ಣತಂತುವಿನಲ್ಲಿರುವ ಈ ಜೀನಿಗೆ ನಾನು ಅಂದಿನಿಂದ ಅಂಟಿಕೊಂಡಿದ್ದೇನೆ. 2020ರ ಹೊತ್ತಿಗೆ 35,000ಕ್ಕೂ ಹೆಚ್ಚು ಜನರ ಡಿಎನ್‌ಎಯಿಂದ ಇಂತಹ 102 ಜೀನ್‌ಗಳ ಪಟ್ಟಿ ತಯಾರಾಯಿತು. ನಾನು ಮಾತ್ರ ಹಳೆಯ ಜೀನನ್ನು ಬಿಡಲಿಲ್ಲ.

ಕಾರಣ ನನ್ನ ತರಬೇತಿ. ನಾನು ಮೂಲತಃ ಜೀವಕೋಶಗಳ ವಿದ್ಯುತ್ ಅಳೆಯುವವನು. ಎಸ್‌ಸಿಎನ್2ಎ ರೂಪಿಸುವುದು ನರಕೋಶದ ಪೊರೆಯಲ್ಲಿರುವ ಎನ್‌ಎವಿ1.2 ಎಂಬ ಸೋಡಿಯಂ ಚಾನೆಲ್ಲನ್ನು, ಅಂದರೆ ಸೋಡಿಯಂ ಅಯಾನುಗಳು ಒಳನುಗ್ಗುವ ದ್ವಾರವನ್ನು. ದ್ವಾರ ಕೆಟ್ಟಿದೆಯೇ ಎಂಬುದನ್ನು ನೇರವಾಗಿ ಅಳೆಯಬಹುದು. ಅದೇ ಪಟ್ಟಿಯಲ್ಲಿರುವ ಸಿಎಚ್‌ಡಿ8ನಂತಹ ಜೀನ್ ಸಾವಿರಾರು ಇತರ ಜೀನ್‌ಗಳ ಕೆಲಸವನ್ನು ಏರುಪೇರು ಮಾಡುತ್ತದೆ. ಅಲ್ಲಿ ನನ್ನ ಎಲೆಕ್ಟ್ರೋಡು ಎಲ್ಲಿಂದ ಶುರು ಮಾಡಬೇಕು?

ಮಗುವಿನಲ್ಲಿ ಕಂಡ ಬದಲಾವಣೆಯನ್ನೇ ಜೀನಿನ ಒಂದು ಪ್ರತಿಯಲ್ಲಿ ಮೂಡಿಸಿ, ಎಚ್‌ಇಕೆ 293 ಕೋಶಗಳೊಳಗೆ ಕಳುಹಿಸುತ್ತೇವೆ. ಇವು ನರಕೋಶಗಳಲ್ಲ. ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬೆಳೆಸುತ್ತಿರುವ ಮಾನವ ಮೂತ್ರಪಿಂಡ ಮೂಲದ ಕೋಶಗಳು. ಇವುಗಳಿಗೆ ತಮ್ಮದೇ ಆದ ಸೋಡಿಯಂ ಪ್ರವಾಹ ತೀರಾ ಕಡಿಮೆ, ಹಾಗಾಗಿ ಕಂಡದ್ದು ನಾವು ಹಾಕಿದ ಚಾನೆಲ್‌ನದೇ ಎಂದು ಧೈರ್ಯವಾಗಿ ಹೇಳಬಹುದು. ನಂತರದ್ದು ಪ್ಯಾಚ್ ಕ್ಲಾಂಪ್, ಅಂದರೆ ಒಂದೊಂದೇ ಕೋಶದ ವಿದ್ಯುತ್ ಪ್ರವಾಹ ಅಳೆಯುವ ವಿಧಾನ. ಇದಕ್ಕಾಗಿ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಅವರಿಗೆ 1991ರ ನೊಬೆಲ್ ಬಂತು. ಸುಮಾರು ಒಂದು ಮೈಕ್ರೋಮೀಟರ್ ತುದಿಯ ಗಾಜಿನ ನಳಿಕೆಯನ್ನು ಕೋಶಕ್ಕೆ ತಾಗಿಸಿ, ಬಾಯಿಂದ ಮೆಲ್ಲಗೆ ಎಳೆದರೆ ಪೊರೆ ಗಾಜಿಗೆ ಅಂಟುತ್ತದೆ. ವಿದ್ಯುತ್ ರೋಧ ಒಂದು ಗಿಗಾಓಮ್ (ನೂರು ಕೋಟಿ ಓಮ್) ದಾಟಿದರೆ ಅಂಟು ಗಟ್ಟಿಯಾಯಿತೆಂದು ಅರ್ಥ. ಮತ್ತೊಮ್ಮೆ ಎಳೆದು ಪೊರೆಯನ್ನು ಒಡೆದು, ಕೋಶದ ವೋಲ್ಟೇಜನ್ನು ಹಿಡಿತಕ್ಕೆ ತೆಗೆದುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಪ್ರವಾಹವನ್ನು ದಾಖಲಿಸುತ್ತೇನೆ. ಚಾನೆಲ್ ಯಾವ ವೋಲ್ಟೇಜಿಗೆ ತೆರೆಯಿತು, ಎಷ್ಟು ಬೇಗ ಮುಚ್ಚಿತು, ಮತ್ತೆ ತೆರೆಯಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ.

ಹೊಸದಾಗಿ ಸೇರಿದವರಿಗೆ ಎರಡು ಮಾತು ಹೇಳುತ್ತೇನೆ. ಪ್ರವಾಹ ದೊಡ್ಡದಾಗಿ ಬಂತೆಂದು ಹಿಗ್ಗಬೇಡಿ. ನಳಿಕೆಯ ರೋಧದಿಂದಾಗಿ ದೊಡ್ಡ ಪ್ರವಾಹದಲ್ಲಿ ವೋಲ್ಟೇಜ್ ಕೈತಪ್ಪುತ್ತದೆ, ಆಗ ಚಾನೆಲ್ ನಿಜಕ್ಕಿಂತ ಬೇಗ ತೆರೆದಂತೆ ಕಾಣುತ್ತದೆ. ಇನ್ನೊಂದು, ಯಾವ ತಟ್ಟೆಯಲ್ಲಿ ಸಹಜ ಚಾನೆಲ್ ಇದೆ, ಯಾವುದರಲ್ಲಿ ಬದಲಾದದ್ದಿದೆ ಎಂದು ಅಳೆಯುವವರಿಗೆ ತಿಳಿಯಕೂಡದು. ನಮ್ಮಲ್ಲಿ ಸಹೋದ್ಯೋಗಿಯೊಬ್ಬರು ಗುರುತು ಹಾಕಿ, ಯಾವ ಗುರುತು ಯಾವುದಕ್ಕೆ ಎಂಬ ಪಟ್ಟಿಯನ್ನು ಲೆಕ್ಕಾಚಾರ ಮುಗಿಯುವವರೆಗೂ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ನಮಗೆ ಬೇಕಾದದ್ದನ್ನೇ ಕಾಣುವ ಚಾಳಿ ಕಣ್ಣಿಗೆ ಇದ್ದೇ ಇದೆ.

ಹಲವು ಪ್ರಯೋಗಾಲಯಗಳಲ್ಲಿ ಹೀಗೆ ಅಳೆದ ಮೇಲೆ ಚಿತ್ರ ಸ್ಪಷ್ಟವಾಯಿತು. ಚಾನೆಲ್‌ನ ಕೆಲಸ ಅತಿಯಾದ ಮಕ್ಕಳಲ್ಲಿ ಹುಟ್ಟಿದ ಕೆಲವೇ ದಿನ ಅಥವಾ ತಿಂಗಳುಗಳಲ್ಲಿ ಅಪಸ್ಮಾರ ಕಾಣಿಸಿಕೊಳ್ಳುತ್ತದೆ. ಕೆಲಸ ಕುಂದಿದವರಲ್ಲಿ ಆಟಿಸಂ ಮತ್ತು ಬೌದ್ಧಿಕ ಬೆಳವಣಿಗೆಯ ತೊಂದರೆ ಹೆಚ್ಚು. ಇವರಲ್ಲಿ ಅಪಸ್ಮಾರ ಬಂದರೂ ತಡವಾಗಿ ಬರುತ್ತದೆ. ಜೀನ್ ಒಂದೇ, ದಿಕ್ಕು ಎರಡು. ಇದು ಬರೀ ಪಂಡಿತರ ಚರ್ಚೆಯಲ್ಲ. ಫೆನಿಟಾಯಿನ್, ಕಾರ್ಬಮಜೆಪಿನ್‌ನಂತಹ ಸೋಡಿಯಂ ಚಾನೆಲ್ ತಡೆಯುವ ಔಷಧಗಳು ಮೊದಲನೆಯ ಗುಂಪಿನ ಮಕ್ಕಳಿಗೆ ಹಲವು ಸಲ ನೆರವಾಗುತ್ತವೆ, ಎರಡನೆಯ ಗುಂಪಿನಲ್ಲಿ ಸ್ಥಿತಿಯನ್ನು ಬಿಗಡಾಯಿಸಬಹುದು. ‘ಎಸ್‌ಸಿಎನ್2ಎಯಲ್ಲಿ ಬದಲಾವಣೆ ಇದೆ’ ಎಂದು ಬರೆದು ಕೈತೊಳೆದುಕೊಳ್ಳುವ ವರದಿಗಳನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಯಾವ ಜೀನ್ ಎಂಬುದು ಅರ್ಧ ಪ್ರಶ್ನೆ. ಯಾವ ಕಡೆಗೆ, ಯಾವ ವಯಸ್ಸಿನಲ್ಲಿ ಎಂಬುದು ಉಳಿದರ್ಧ.

ವಯಸ್ಸಿನ ಪ್ರಶ್ನೆಗೆ ನರಕೋಶವೇ ಬೇಕು. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳ ಮಿದುಳಿನ ತೆಳು ಹೋಳುಗಳನ್ನು, 95 ಪಾಲು ಆಮ್ಲಜನಕ ಮತ್ತು 5 ಪಾಲು ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಡುವ ದ್ರಾವಣದಲ್ಲಿ ಜೀವಂತವಾಗಿಟ್ಟು ಅಳೆಯುತ್ತೇವೆ. ಎಳೆಯ ಮಿದುಳಿನಲ್ಲಿ ಎನ್‌ಎವಿ1.2 ಇರುವುದು ಆಕ್ಸಾನಿನ (ಸಂಕೇತವನ್ನು ಹೊರಗೊಯ್ಯುವ ನರಕೋಶದ ಉದ್ದನೆಯ ಎಳೆಯ) ಬುಡದಲ್ಲಿ, ನರಸಂಕೇತ ಹುಟ್ಟುವ ಜಾಗದಲ್ಲಿ. ಬೆಳೆಯುತ್ತಾ ಆ ಕೆಲಸವನ್ನು ಎನ್‌ಎವಿ1.6 ಎಂಬ ಇನ್ನೊಂದು ಚಾನೆಲ್ ವಹಿಸಿಕೊಳ್ಳುತ್ತದೆ. ಆದರೆ ಎನ್‌ಎವಿ1.2 ನಿವೃತ್ತವಾಗುವುದಿಲ್ಲ. ನರಸಂಕೇತ ಆಕ್ಸಾನಿನಲ್ಲಿ ಮುಂದೆ ಓಡುವುದಷ್ಟೇ ಅಲ್ಲ, ಹಿಂದಕ್ಕೆ, ಸಂಕೇತಗಳನ್ನು ಬರಮಾಡಿಕೊಳ್ಳುವ ಕವಲುಗಳಾದ ಡೆಂಡ್ರೈಟುಗಳಿಗೂ ಹರಿಯುತ್ತದೆ, ಕಳುಹಿಸಿದ ಪತ್ರದ ನಕಲೊಂದು ಕಡತಕ್ಕೆ ಸೇರುವ ಹಾಗೆ. ಆ ನಕಲು ತಲುಪಿದರೆ ತಾನೇ ಯಾವ ಸಿನಾಪ್ಸ್ (ಎರಡು ನರಕೋಶಗಳು ಸಂಧಿಸುವ ಜಾಗ) ಬಲಗೊಳ್ಳಬೇಕು ಎಂಬುದು ತೀರ್ಮಾನವಾಗುವುದು! ಬೆಳೆದ ಕಾರ್ಟೆಕ್ಸಿನ (ಮಿದುಳಿನ ಹೊರಪದರದ) ಪಿರಮಿಡ್ ಆಕಾರದ ನರಕೋಶಗಳಲ್ಲಿ ಈ ಹಿಮ್ಮುಖ ಹರಿವಿಗೆ ಎನ್‌ಎವಿ1.2 ಬೇಕೇ ಬೇಕು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಚಾನೆಲ್ ಅರ್ಧಕ್ಕಿಳಿದ ಇಲಿಗಳಲ್ಲಿ ನರಸಂಕೇತ ಹುಟ್ಟುವುದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಡೆಂಡ್ರೈಟಿನಲ್ಲಿ ಮಾತ್ರ ಸೊರಗುತ್ತದೆ. ಸಿನಾಪ್ಸುಗಳು ಎಳಸಾಗಿಯೇ ಉಳಿಯುತ್ತವೆ.

ನಾನೂ ಇದನ್ನು ಎರಡು ಫೋಟಾನ್ ಸೂಕ್ಷ್ಮದರ್ಶಕದಡಿ ನೋಡಿದ್ದೇನೆ. ಸಂಕೇತ ತಲುಪಿದ ಕಡೆ ಏರುವ ಕ್ಯಾಲ್ಸಿಯಂಗೆ ಮಿನುಗುವ ಬಣ್ಣವನ್ನು ನಳಿಕೆಯ ಮೂಲಕ ತುಂಬಿಸಿ, ಕೋಶದಲ್ಲಿ ಸಂಕೇತಗಳನ್ನು ಹುಟ್ಟಿಸಿ, ಡೆಂಡ್ರೈಟಿನ ಉದ್ದಕ್ಕೂ ಬೆಳಕನ್ನು ಅಳೆಯುತ್ತೇನೆ. ಸಹಜ ಇಲಿಯಲ್ಲಿ ದೂರದವರೆಗೂ ಕಾಣುವ ಮಿನುಗು ಇಲ್ಲಿ ಅರ್ಧದಾರಿಯಲ್ಲೇ ಸೋಲುತ್ತದೆ. ಕೋಶದ ಒಡಲಲ್ಲಿ ಮಾತ್ರ ಎಲೆಕ್ಟ್ರೋಡು ಇಟ್ಟಿದ್ದರೆ ‘ಏನೂ ವ್ಯತ್ಯಾಸವಿಲ್ಲ’ ಎಂದು ಬರೆದು ಮುಗಿಸಬಹುದಾಗಿತ್ತು. ಹಾಗೆಂದು ಸೋಡಿಯಂ ಕಡಿಮೆಯಾದಷ್ಟೂ ಕೋಶ ಮಂಕಾಗುತ್ತದೆ ಎಂಬ ಸರಳ ಲೆಕ್ಕವೂ ನಡೆಯದು. ಚಾನೆಲ್ಲನ್ನು ಪೂರ್ತಿ ತೆಗೆದರೆ ನರಕೋಶ ಹೆಚ್ಚು ಉದ್ರಿಕ್ತವಾಗುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ಸಂಕೇತ ಕುಗ್ಗಿದಾಗ ಕೋಶವನ್ನು ತಣಿಸುವ ಪೊಟ್ಯಾಸಿಯಂ ಚಾನೆಲ್‌ಗಳೂ ಸರಿಯಾಗಿ ತೆರೆಯುವುದಿಲ್ಲ. ಚಾನೆಲ್ ಕುಂದಿದ ಕೆಲವು ಮಕ್ಕಳಿಗೂ ಅಪಸ್ಮಾರ ಏಕೆ ಎಂಬ ಒಗಟಿಗೆ ಇಲ್ಲಿ ಒಂದು ಸುಳಿವಿದೆ.

ಇಲಿಗಳ ನಡವಳಿಕೆಯ ಪರೀಕ್ಷೆಗಳನ್ನೂ ಮಾಡುತ್ತೇವೆ. ಮೂರು ಕೋಣೆಯ ಪೆಟ್ಟಿಗೆಯಲ್ಲಿ ಇಲಿ ಇನ್ನೊಂದು ಇಲಿಯ ಬಳಿ ಎಷ್ಟು ಹೊತ್ತು ಕಳೆಯಿತು ಎಂದು ಎಣಿಸುವುದು ಇತ್ಯಾದಿ. ಈ ಜೀನಿನ ಇಲಿಗಳಲ್ಲಿ ಫಲಿತಾಂಶ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ. ನಾನು ಅದಕ್ಕೆ ಹೆಚ್ಚು ತೂಕ ಕೊಡುವುದಿಲ್ಲ.

ವರ್ಷಕ್ಕೊಮ್ಮೆ ಕುಟುಂಬಗಳನ್ನು ಭೇಟಿಯಾಗುತ್ತೇನೆ. ‘ಇದು ನನ್ನಿಂದ ಬಂತೇ?’ ಎಂದು ತಾಯಂದಿರು ಈಗಲೂ ಕೇಳುತ್ತಾರೆ. ತಾಯಿಗೆ ಮಮತೆ ಸಾಲದ್ದರಿಂದ ಆಟಿಸಂ ಬರುತ್ತದೆ ಎಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. 1977ರಲ್ಲಿ ಸೂಸನ್ ಫೋಲ್ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಹೋಲಿಸಿ ವಂಶವಾಹಿಗಳ ಕಡೆಗೆ ಬೊಟ್ಟು ಮಾಡಿದ ಮೇಲೂ ಆ ನಂಬಿಕೆಯ ನೆರಳು ಪೂರ್ತಿ ಹೋಗಿಲ್ಲ. ಹೊಸ ಬದಲಾವಣೆಗಳು ಬಹುಪಾಲು ತಂದೆಯ ವೀರ್ಯಾಣುವಿನಲ್ಲಿ ಹುಟ್ಟುತ್ತವೆ, ತಂದೆಯ ವಯಸ್ಸಿನೊಂದಿಗೆ ಹೆಚ್ಚುತ್ತವೆ, ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ಹೇಳುತ್ತೇನೆ. ಮುಂದಿನ ಮಗುವಿಗೂ ಹೀಗಾಗುವ ಸಾಧ್ಯತೆ ಕಡಿಮೆ, ಆದರೆ ಸೊನ್ನೆಯಲ್ಲ. ತಂದೆ ಅಥವಾ ತಾಯಿಯ ಲೈಂಗಿಕ ಕೋಶಗಳಲ್ಲಿ ಕೆಲವು ಮಾತ್ರ ಆ ಬದಲಾವಣೆಯನ್ನು ಹೊತ್ತಿರಬಹುದು, ರಕ್ತದಲ್ಲಿ ಅದು ಕಾಣುವುದಿಲ್ಲ. ಆಟಿಸಂ ಇರುವ ಬಹುಪಾಲು ಜನರಲ್ಲಿ ಹೀಗೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜೀನ್ ಇರುವುದಿಲ್ಲ ಎಂಬುದನ್ನೂ ಹೇಳದೆ ಬಿಡುವುದಿಲ್ಲ. ಅವರಲ್ಲಿ ಎಲ್ಲರಲ್ಲೂ ಇರುವ ಸಣ್ಣಪುಟ್ಟ ವ್ಯತ್ಯಾಸಗಳೇ ದೊಡ್ಡ ಸಂಖ್ಯೆಯಲ್ಲಿ ಕೂಡಿರುತ್ತವೆ, ಮತ್ತು ಅಂಥವರಲ್ಲಿ ಎಷ್ಟೋ ಮಂದಿ ತಮ್ಮನ್ನು ಯಾರೂ ‘ಸರಿಪಡಿಸುವುದು’ ಬೇಡ ಎನ್ನುತ್ತಾರೆ. ಅವರ ಮಾತು ನ್ಯಾಯವಾದದ್ದು. ಅಪಸ್ಮಾರದಿಂದ ನರಳುವ, ಮಾತೇ ಬಾರದ ಮಗುವಿನ ತಂದೆತಾಯಿ ಔಷಧ ಕೇಳುವುದೂ ಅಷ್ಟೇ ನ್ಯಾಯ. ಕುಂದಿದ ಚಾನೆಲ್‌ಗೆ ಪ್ರತಿಯಾಗಿ, ಜೀನಿನ ಉಳಿದ ಒಳ್ಳೆಯ ಪ್ರತಿಯಿಂದ ಹೆಚ್ಚು ಕೆಲಸ ತೆಗೆಯುವ ಪ್ರಯತ್ನ ಇಲಿಗಳಲ್ಲಿ ಫಲ ಕೊಟ್ಟಿದೆ.

ಸದ್ಯ ನನ್ನ ಮೇಜಿನ ಮೇಲಿರುವುದು 2,005 ಅಮೈನೊ ಆಮ್ಲಗಳಲ್ಲಿ ಒಂದೇ ಒಂದು ಬದಲಾದ ಚಾನೆಲ್. ಅದು ಸ್ವಲ್ಪ ಬೇಗ ತೆರೆಯುತ್ತದೆ, ಆದರೆ ಪೊರೆಗೆ ತಲುಪುವುದೇ ಕಡಿಮೆ. ಒಂದು ಅಳತೆ ಹೆಚ್ಚಳ ಎನ್ನುತ್ತದೆ, ಇನ್ನೊಂದು ಕುಂದು ಎನ್ನುತ್ತದೆ. ವೈದ್ಯರಿಗೆ ಎರಡನ್ನೂ ಬರೆದು, ಇಷ್ಟರ ಮೇಲೆ ಔಷಧ ಬದಲಿಸಬೇಡಿ ಎಂದು ಸೇರಿಸಿದ್ದೇನೆ. ಅದೇ ಬದಲಾವಣೆಯಿರುವ ಇಲಿಯನ್ನು ತಯಾರಿಸಲು ಕೋರಿಕೆ ಹೋಗಿದೆ.